ದೊಡ್ಡ ಗಾಡಿ ಮತ್ತು ಅಳತೆ ಕೋಲು

ಸಾಯಗಾಂವದ ದನಗಳಿಗೆ ನನ್ನ ಸಣ್ಣ ಗಾಡಿಯ ಸದ್ದು ಗೊತ್ತಿತ್ತು. ಊರಿನ ಅಗಸಿ ದಾಟಿ ಒಳಗೆ ಬರುವುದೇ ತಡ, ಕಟ್ಟಿದ ಆಕಳು ಗೂಟ ಕೀಳಲು ನೋಡುತ್ತಿತ್ತು, ಬಿಟ್ಟ ಎಮ್ಮೆ ಓಣಿಯ ಆ ತುದಿಗೆ ಓಡುತ್ತಿತ್ತು. "ಬಂದ್ರು ನೋಡ್ರಿ ಸೂಜಿ ಸಾಬ್ರು" ಎಂದು ಜನ ನಗುತ್ತಿದ್ದರು. ಮನುಷ್ಯರಿಗೆ ಬೇಕಾದವನು, ದನಗಳಿಗೆ ಬೇಡವಾದವನು. ಮೂವತ್ತು ವರ್ಷಕ್ಕೂ ಮಿಕ್ಕಿ ನಾನು ಹೀಗೇ ಬದುಕಿದೆ.

ಕಾಗದದ ಮೇಲೆ ನಾನು ಪಶುವೈದ್ಯಕೀಯ ಪರೀಕ್ಷಕ. ಜನರ ಬಾಯಲ್ಲಿ ಢೋರ್ ಡಾಕ್ಟರ್, ಅಂದರೆ ದನದ ಡಾಕ್ಟರ್. ನಾನು ಡಾಕ್ಟರ್ ಅಲ್ಲ, ಡಾಕ್ಟರರ ಕೈಕೆಳಗಿನವನು ಎಂದು ಮೊದಲ ಎರಡು ವರ್ಷ ಎಲ್ಲರಿಗೂ ತಿಳಿಸಿ ಹೇಳಿದೆ. ಯಾರೂ ಕೇಳಲಿಲ್ಲ. ಆಮೇಲೆ ಹೇಳುವುದನ್ನು ಬಿಟ್ಟೆ. ನನ್ನ ಮುಖ್ಯ ಕೆಲಸ ಬೆದೆಗೆ ಬಂದ ಆಕಳು, ಎಮ್ಮೆಗಳಿಗೆ ಕೃತಕ ಗರ್ಭಧಾರಣೆ ಮಾಡುವುದು. ಹೋರಿಯನ್ನು ಹುಡುಕಿಕೊಂಡು ಹೋಗುವ ಬದಲು ಹೋರಿಯೇ ಒಂದು ಸಣ್ಣ ಕಡ್ಡಿಯೊಳಗೆ ಕೂತು ನನ್ನ ಗಾಡಿಯ ಮೇಲೆ ಮನೆ ಬಾಗಿಲಿಗೆ ಬರುತ್ತಿತ್ತು ಎಂದರೆ ಸರಿಯಾದೀತು.

ಈಗ ಈ ಕೆಲಸಕ್ಕೆ ಹೊಸದಾಗಿ ಸೇರುವವರು ಆಗಾಗ ಬೀದರ್‌ನ ನಮ್ಮ ಮನೆಗೆ ಬರುತ್ತಾರೆ, ಇಲ್ಲವೆ ಫೋನ್ ಮಾಡುತ್ತಾರೆ. ಆಕಳಿನ ಬಗ್ಗೆ ಕೇಳುವವರು ಕಡಿಮೆ. ಮೊದಲ ಪ್ರಶ್ನೆ ಯಾವಾಗಲೂ ಒಂದೇ. "ಸರ್, ಫೀಲ್ಡ್ ಕೆಲಸಕ್ಕ ಯಾವ ಗಾಡಿ ತಗೋಬೇಕ್ರಿ? ಸಣ್ಣದೋ, ದೊಡ್ಡದೋ?" ಈ ಪ್ರಶ್ನೆಗೆ ನನ್ನ ಹತ್ತಿರ ಉತ್ತರವಿದೆ. ಆದರೆ ಅದು ಫೋನಿನಲ್ಲಿ ಹೇಳಿ ಮುಗಿಸುವಂಥದ್ದಲ್ಲ. ಅದಕ್ಕೇ ಇದನ್ನು ಬರೆಯಲು ಕೂತಿದ್ದೇನೆ.

ನನ್ನ ಮೊದಲ ಗಾಡಿ ನೂರು ಸಿಸಿಯದು. ಭಾಲ್ಕಿಯಲ್ಲಿ ನೌಕರಿ ಸಿಕ್ಕ ಎರಡನೇ ವರ್ಷ ತೆಗೆದುಕೊಂಡದ್ದು. ಸೀಟಿನ ಹಿಂದೆ ವೆಲ್ಡಿಂಗ್ ಅಂಗಡಿಯವನಿಂದ ಕಬ್ಬಿಣದ ಒಂದು ಚೌಕಟ್ಟು ಮಾಡಿಸಿ, ಹಳೆಯ ಟ್ಯೂಬಿನ ರಬ್ಬರು ಸುತ್ತಿ, ಅದರೊಳಗೆ ಡಬ್ಬಿ ಕೂರಿಸುತ್ತಿದ್ದೆ. ಡಬ್ಬಿ ಎಂದರೆ ಹಾಲಿನ ಕ್ಯಾನಿನಂಥ ಅಲ್ಯೂಮಿನಿಯಂ ಪಾತ್ರೆ. ಒಳಗೆ ದ್ರವ ಸಾರಜನಕ, ಅದರಲ್ಲಿ ಮುಳುಗಿದ ವೀರ್ಯದ ಕಡ್ಡಿಗಳು. ಆ ದ್ರವದ ಚಳಿ ಎಂಥದೆಂದರೆ ಬೆರಳಿಗೆ ತಾಗಿದರೆ ಸುಟ್ಟಂತೆ ಗುಳ್ಳೆ ಏಳುತ್ತದೆ. ಚಳಿ ಇರುವ ತನಕ ಕಡ್ಡಿಯೊಳಗಿನ ಜೀವ ಇರುತ್ತದೆ. ಚಳಿ ಹೋಯಿತೋ, ಕಡ್ಡಿ ನೋಡಲು ಹಾಗೇ ಇರುತ್ತದೆ, ಒಳಗಿನದು ಸತ್ತಿರುತ್ತದೆ. ಹೊರಗಿನಿಂದ ನೋಡಿ ಯಾವನೂ ಹೇಳಲಾರ. ಈ ಕೆಲಸದ ದೊಡ್ಡ ಮೋಸ ಇದೇ.

ಆ ಸಣ್ಣ ಗಾಡಿ ಎಷ್ಟು ಹಗುರ ಎಂದರೆ, ಹಳ್ಳ ಬಂದರೆ ಇಬ್ಬರು ಸೇರಿ ಎತ್ತಿ ಆಚೆ ಇಡುತ್ತಿದ್ದೆವು. ಒಮ್ಮೆ ಮಳೆಗಾಲದಲ್ಲಿ ಎತ್ತಿನ ಗಾಡಿಯ ಮೇಲೆ ಹೇರಿಕೊಂಡು, ಮೇಲೆ ನಾನೂ ಕೂತು, ಸಾಯಗಾಂವದ ಹೊಲದ ದಾರಿ ದಾಟಿದ್ದೆ. ಭಾನುವಾರ ಅದೇ ಗಾಡಿಯ ಮೇಲೆ ಕಮಲಾಳನ್ನು, ಅಂದರೆ ನನ್ನ ಹೆಂಡತಿಯನ್ನು, ಬೀದರ್‌ನ ಗಾಂಧಿ ಗಂಜ ಮಾರುಕಟ್ಟೆಗೆ ಕರೆದುಕೊಂಡು ಹೋಗುತ್ತಿದ್ದೆ. ತೊಗರಿಬೇಳೆಯ ಚೀಲ ನಮ್ಮಿಬ್ಬರ ನಡುವೆ ಕೂರುತ್ತಿತ್ತು. ಕೈಗಾಡಿ, ಹಮಾಲರು, ಲಾರಿಗಳ ಸಂದಿಯಲ್ಲಿ ಅದು ಬೆಕ್ಕಿನ ಹಾಗೆ ನುಸುಳುತ್ತಿತ್ತು. ಈಗಲೂ ಗಂಜಕ್ಕೆ ಹೋದಾಗ ಅಂಥ ಹಳೆಯ ಗಾಡಿಯ ಸದ್ದು ಕೇಳಿದರೆ ನಾನು ತಿರುಗಿ ನೋಡುತ್ತೇನೆ. ಕಮಲಾ ನಗುತ್ತಾಳೆ. ನಗಲಿ. ಆ ದಿನಗಳು ನನಗೆ ಬೇಕು ಅನಿಸುತ್ತದೆ, ಅದರಲ್ಲಿ ಮುಚ್ಚಿಡುವುದೇನಿದೆ?

ಕಮಲಾಳ ಒಂದು ಕಥೆ ಹೇಳದೆ ಮುಂದೆ ಹೋದರೆ ನನಗೇ ಸಮಾಧಾನವಿಲ್ಲ. ಆಗ ಮನೆಯಲ್ಲಿ ತಂತಿಯ ಫೋನ್ ಇತ್ತು. ಮದುವೆಯಾದ ಹೊಸತು. ನಾನು ಸ್ನಾನಕ್ಕೆ ಹೋಗಿದ್ದೆ, ಅವಳು ಫೋನ್ ಎತ್ತಿದಳು. ಆ ಕಡೆಯಿಂದ ಒಬ್ಬ ರೈತ ಗಾಬರಿಯಿಂದ, "ನಮ್ಮ ಗಂಗಾ ನಸುಕಿನಿಂದ ಒಂದೇ ಸವನ ಒದರ್ಲಿಕತ್ತಾಳ್ರಿ. ಏನೂ ತಿನ್ನವಲ್ಲಳು. ಸಾಬ್ರಿಗಿ ಲಗೂನ ಕಳಸ್ರಿ" ಎಂದ.

"ಯಪ್ಪಾ, ಇದು ಢೋರ್ ಡಾಕ್ಟರ್ ಮನಿ ಅದರಿ. ಗಂಗಾಗ ಎಷ್ಟು ತಿಂಗಳ್ರಿ?" ಎಂದು ಇವಳು ಕೇಳಿದ್ದಾಳೆ.

"ಎಲ್ಲೀ ತಿಂಗಳ್ರಿ ತಾಯಿ! ಅದಕ್ಕ ಅಲ್ಲೇನ್ರಿ ಸಾಬ್ರಿಗಿ ಕರೀಲಿಕತ್ತಿದ್ದು!"

"ಅಗ ಬಾಯಿ!" ಎಂದು ಚೀರಿ ಕಮಲಾ ಫೋನ್ ಕುಕ್ಕಿದಳು. ನಾನು ಒದ್ದೆ ಮೈಯಲ್ಲೇ ಓಡಿ ಬಂದೆ. ಅವಳು ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ. ಗಂಗಾ ಎಂದರೆ ಆಕಳು ಎಂದು ನಂಬಿಸಲು ನನಗೆ ಮಧ್ಯಾಹ್ನವಾಯಿತು. ಅಷ್ಟರಲ್ಲಿ ಆ ರೈತ ಮತ್ತೆರಡು ಸಲ ಫೋನ್ ಮಾಡಿ ಬೈಸಿಕೊಂಡಿದ್ದ.

ಭಾಲ್ಕಿಯಲ್ಲಿ ನನ್ನ ಮೇಲಿದ್ದವರು ದೇಶಪಾಂಡೆ ಡಾಕ್ಟರ್. ಸಣಕಲು ದೇಹ, ದಪ್ಪ ಕನ್ನಡಕ, ಮನೆಯಲ್ಲಿ ಮರಾಠಿ, ದವಾಖಾನೆಯಲ್ಲಿ ಕನ್ನಡ, ಸಿಟ್ಟು ಬಂದರೆ ಎರಡೂ. ಅವರಿಗೆ ಒಂದು ಹುಚ್ಚಿತ್ತು, ಅಳತೆ ಕೋಲು. ಡಬ್ಬಿಯೊಳಗೆ ಸಾರಜನಕ ಎಷ್ಟಿದೆ ಎಂದು ಕಣ್ಣಿಗೆ ಕಾಣುವುದಿಲ್ಲ, ಬಾಯಲ್ಲಿ ಬರೀ ಬಿಳಿ ಹೊಗೆ. ಅದಕ್ಕೆ ಒಂದು ಉದ್ದನೆಯ ಕೋಲನ್ನು ತಳದ ತನಕ ಇಳಿಸಿ, ಸ್ವಲ್ಪ ಹೊತ್ತು ಬಿಟ್ಟು ತೆಗೆದು, ಗಾಳಿಯಲ್ಲಿ ಬೀಸಬೇಕು. ದ್ರವದಲ್ಲಿ ಮುಳುಗಿದ್ದ ಭಾಗಕ್ಕೆ ಬಿಳಿ ಹಿಮ ಕೂರುತ್ತದೆ. ಆ ಗೆರೆ ಎಲ್ಲಿದೆಯೋ ಅಲ್ಲಿಯ ತನಕ ಜೀವ ಇದೆ ಎಂದು ಲೆಕ್ಕ.

ದಿನಾ ಬೆಳಿಗ್ಗೆ ಹೊರಡುವಾಗ ಕೇಳುತ್ತಿದ್ದರು, "ಕೋಲು ಹಾಕಿದೇನು, ವೈಜಿನಾಥ?"

"ಹಾಕ್ತೇನ್ರಿ ಸರ್."

"ಹಾಕ್ತೇನಿ ಅಲ್ಲ. ಹಾಕೀನಿ ಅಂತ ಹೇಳೋ ತನಾ ಗಾಡಿ ಚಾಲೂ ಮಾಡಬ್ಯಾಡ."

ಮುದುಕನ ಕಿರಿಕಿರಿ ಎಂದು ನಾನು ಬೆನ್ನ ಹಿಂದೆ ಗೊಣಗುತ್ತಿದ್ದೆ. ಆಗ ಅವರಿಗೆ ನಲವತ್ತು ಕೂಡ ಆಗಿರಲಿಲ್ಲ.

ಆ ಸಣ್ಣ ಗಾಡಿಯ ಮೇಲೆ ಹದಿನೆಂಟು ವರ್ಷ ತಿರುಗಿದೆ. ಇಂಜಿನ್ ಎರಡು ಸಲ ಬಿಚ್ಚಿಸಿದೆ. ನನ್ನ ಸೊಂಟವನ್ನು ಬಿಚ್ಚಿಸಲು ಬರುವಂತಿರಲಿಲ್ಲ, ಅದಷ್ಟೇ ವ್ಯತ್ಯಾಸ. ಆಮೇಲೆ ನನ್ನನ್ನು ಔರಾದ್ ತಾಲೂಕಿನ ಸಂತಪುರಕ್ಕೆ ಹಾಕಿದರು. ನಮ್ಮ ಮನೆ ಅಷ್ಟರಲ್ಲಿ ಬೀದರ್‌ಗೆ ಬಂದಿತ್ತು. ದಿನಾ ಬೀದರ್‌ನಿಂದ ಸಂತಪುರ, ಅಲ್ಲಿಂದ ಒಳಗಿನ ವಾಡಿಗಳು, ಅಂದರೆ ಸಣ್ಣ ಹಳ್ಳಿಗಳು, ಸಂಜೆ ಮತ್ತೆ ಬೀದರ್. ಹೈವೇಯಲ್ಲಿ ಲಾರಿ ಹಿಂದಿಕ್ಕಿ ಹೋದರೆ ನನ್ನ ಗಾಡಿ ರಸ್ತೆ ಬಿಟ್ಟು ಅತ್ತ ಸರಿಯುತ್ತಿತ್ತು. ದಿಬ್ಬ ಬಂದರೆ ಏದುಸಿರು ಬಿಡುತ್ತಿತ್ತು. ರಾತ್ರಿ ಕಮಲಾ ಎಣ್ಣೆ ಹಚ್ಚುತ್ತ, "ಗಾಡಿ ಬದಲಿ ಮಾಡ್ರಿ, ಇಲ್ದಿದ್ರ ಸೊಂಟ ಬದಲಿ ಮಾಡ್ರಿ. ಎರಡರಾಗ ಒಂದು" ಎಂದಳು.

ಮುನ್ನೂರೈವತ್ತು ಸಿಸಿಯ ಗಾಡಿ ತೆಗೆದುಕೊಂಡೆ. ಅತಿ ದೊಡ್ಡದೂ ಅಲ್ಲ, ಸಣ್ಣದಂತೂ ಅಲ್ಲ. ಖರೆ ಹೇಳುತ್ತೇನೆ, ಸೊಂಟ ಒಂದು ನೆಪ. ಅಂಥ ಗಾಡಿಯ ಮೇಲೆ ಒಮ್ಮೆ ಕೂರಬೇಕು ಎಂಬ ಆಸೆ ನನಗೆ ಕಾಲೇಜಿನಿಂದ ಇತ್ತು. ಐವತ್ತು ದಾಟಿದ ಮೇಲೆ ಆಸೆ ಪೂರೈಸಿಕೊಳ್ಳುವವನಿಗೆ ಇರುವ ಹುರುಪು ಇಪ್ಪತ್ತರ ಹುಡುಗನಿಗೂ ಇರುವುದಿಲ್ಲ. ಮೀಸೆಗೆ ಬಣ್ಣ ಹಚ್ಚಿಕೊಂಡೆ. ಕಮಲಾ ಅದನ್ನೂ ನೋಡಿದಳು.

ಸಣ್ಣ ಗಾಡಿಯಿಂದ ದೊಡ್ಡದಕ್ಕೆ ಹೋಗುವವರಿಗೆ ಯಾರೂ ಹೇಳದ ಮಾತು ಒಂದಿದೆ. ದೊಡ್ಡ ಗಾಡಿ ಓಡುವಾಗ ಸುಲಭ, ನಿಲ್ಲುವಾಗ ಕಷ್ಟ. ಅರವತ್ತರ ವೇಗದಲ್ಲಿ ಅದು ಹಾಸಿಗೆಯಂತೆ ಹೋಗುತ್ತದೆ. ಸೊಂಟಕ್ಕೆ ನೋವೇ ಇಲ್ಲ. ಆದರೆ ನಿಂತಾಗ ಅದರ ಭಾರವೆಲ್ಲ ಬಂದು ನಿನ್ನ ಒಂದು ಕಾಲಿನ ಮೇಲೆ ಕೂರುತ್ತದೆ. ಸಣ್ಣ ಗಾಡಿ ವಾಲಿದರೆ ತೊಡೆಯಿಂದ ತಡೆಯಬಹುದು. ಇದು ವಾಲಲು ಶುರುವಾಯಿತೋ, ಮುಗಿಯಿತು. ಕಾಲು ಇಡುವ ಮೊದಲು ನೆಲ ನೋಡಬೇಕು. ನನಗೆ ಇದು ಗೊತ್ತಿರಲಿಲ್ಲ. ಹದಿನೆಂಟು ವರ್ಷ ಗಾಡಿ ಹೊಡೆದ ನನಗೆ ಯಾರಾದರೂ ಕಲಿಸಲು ಬಂದರೆ ಕೇಳುತ್ತಿದ್ದೆನೇ?

ಹೊಸ ಗಾಡಿಯ ಮೊದಲ ದಿನಗಳು ಮಜವಾಗಿದ್ದವು. ಒಂದು ಊರಿನ ಬೇವಿನ ಕಟ್ಟೆಯ ಮೇಲೆ ಇಸ್ಪೀಟು ಆಡುತ್ತಿದ್ದವರು ದಬ್ ದಬ್ ಸದ್ದು ಕೇಳಿ, ಠಾಣೆಯ ಸಾಹೇಬರೇ ಬಂದರೆಂದು ಎಲೆ ಅಲ್ಲೇ ಬಿಟ್ಟು ಜೋಳದ ಹೊಲಕ್ಕೆ ನುಗ್ಗಿದರು. ನಾನು ಇಳಿದು ಕೂಗಿದೆ, "ಅಯ್ಯ, ನಾನ್ರಪ್ಪೋ, ಢೋರ್ ಡಾಕ್ಟರ್!" ಒಬ್ಬೊಬ್ಬರಾಗಿ ಹೊರಗೆ ಬಂದು ನನ್ನನ್ನು ಬಾಯಿಗೆ ಬಂದಂತೆ ಬೈದರು. ದನಗಳು ಮಾತ್ರ ಹೊಸ ಸದ್ದಿನ ಗುರುತಿಲ್ಲದೆ ಮೆಲುಕು ಹಾಕುತ್ತ ನಿಂತಿದ್ದವು. ಆ ಒಂದು ತಿಂಗಳು ನನಗೆ ಒದೆ ಬೀಳಲಿಲ್ಲ.

ನನ್ನ ಅದೃಷ್ಟಕ್ಕೋ ದುರದೃಷ್ಟಕ್ಕೋ, ಅದೇ ದೇಶಪಾಂಡೆ ಡಾಕ್ಟರರು ಆಗ ಸಂತಪುರಕ್ಕೆ ಬಂದಿದ್ದರು. ತಲೆ ಬೆಳ್ಳಗಾಗಿತ್ತು, ಹುಚ್ಚು ಹಾಗೇ ಇತ್ತು. ನನ್ನ ಗಾಡಿಯ ಸುತ್ತ ಒಂದು ಸುತ್ತು ಹಾಕಿದರು. ಸೈಲೆನ್ಸರ್ ಬಲಕ್ಕಿದ್ದುದರಿಂದ ಡಬ್ಬಿಯ ಚೌಕಟ್ಟನ್ನು ಎಡಗಡೆ ತೂಗು ಹಾಕಿಸಿದ್ದೆ. ಅದನ್ನು ಕೈಯಿಂದ ಅಲುಗಿಸಿ ನೋಡಿದರು.

"ಈ ವಯಸ್ಸಿನಾಗ ಇಷ್ಟು ಭಾರದ್ದು ಯಾಕೋ? ಒಂದ್ ದಿನ ಡಬ್ಬಿ ಸಮೇತ ಮಗಚಿ ಬೀಳ್ತಿ ನೋಡು."

"ನೀವು ಹೊಟ್ಟಿಕಿಚ್ಚು ಪಡಬ್ಯಾಡ್ರಿ ಸರ್" ಎಂದೆ. ಅಲ್ಲಿದ್ದವರೆಲ್ಲ ನಕ್ಕರು. ಅವರೂ ನಕ್ಕರು.

ಆ ನಗು ನನಗೆ ದುಬಾರಿಯಾಯಿತು.

ಸಂತಪುರದಿಂದ ಒಳಗೆ ಒಂದು ಸಣ್ಣ ವಾಡಿ ಇದೆ. ಅಲ್ಲಿ ಸುಂದರಾಬಾಯಿ ಅಂಗನವಾಡಿ ಕಾರ್ಯಕರ್ತೆ. ಗಂಡ ಗೌತಮ ಹೊಲ ನೋಡಿಕೊಳ್ಳುತ್ತಿದ್ದ. ಮಗಳು ಬೀದರ್‌ನಲ್ಲಿ ನರ್ಸಿಂಗ್ ಓದುತ್ತಿದ್ದಳು. ಅವರ ಮನೆಯಲ್ಲಿ ಮೈನಾ ಎಂಬ ದೇವಣಿ ತಳಿಯ ಆಕಳು. ಮೈಯೆಲ್ಲ ಬಿಳಿ, ಮುಖ ಮಾತ್ರ ಕಪ್ಪು. ಸುಂದರಾಬಾಯಿಯ ಮದುವೆಯಲ್ಲಿ ಅವಳ ತಾಯಿ ಒಂದು ಕರುವನ್ನು ಬಳುವಳಿ ಕೊಟ್ಟಿದ್ದಳು. ಅದರ ಮೊಮ್ಮಗಳು ಈ ಮೈನಾ. ತಾಯಿ ತೀರಿಕೊಂಡಿದ್ದಳು, ಅಣ್ಣ ತಮ್ಮಂದಿರು ಮನೆ ಮಾರಿ ಲಾತೂರಿನ ಕಡೆ ಹೋಗಿದ್ದರು. ತವರಿನಿಂದ ಬಂದದ್ದರಲ್ಲಿ ಉಳಿದಿದ್ದು ಮೈನಾ ಒಂದೇ.

ಮೈನಾಳಿಗೆ ನಾನು ಎರಡು ಸಲ ಗರ್ಭಧಾರಣೆ ಮಾಡಿದ್ದೆ. ಎರಡು ಸಲವೂ ನಿಂತಿರಲಿಲ್ಲ. ಆಕಳು ಗಬ್ಬವಾದರೆ ನಮ್ಮ ಕಡೆ 'ನಿಂತದ' ಎನ್ನುತ್ತಾರೆ. ನಿಲ್ಲದಿದ್ದರೆ ಇಪ್ಪತ್ತೊಂದು ದಿನಕ್ಕೆ ಮತ್ತೆ ಬೆದೆಗೆ ಬರುತ್ತದೆ. ಗೌತಮ ಖಡಾಖಂಡಿತವಾಗಿ ಹೇಳಿದ್ದ, "ಈ ಸಲ ನಿಲ್ಲಲಿಲ್ಲ ಅಂದ್ರ ದನದ ಬಜಾರಕ್ಕ ಒಯ್ಯೋದೇ ಸಾಬ್. ಗೊಡ್ಡು ಆಕಳಿಗಿ ಎಷ್ಟು ದಿನ ಮೇವು ಹಾಕ್ಲಿ?" ಗೊಡ್ಡು ಎಂಬ ಮಾತಿಗೆ ಸುಂದರಾಬಾಯಿಯ ಮುಖ ಬಿಗಿದುಕೊಂಡದ್ದನ್ನು ನಾನು ನೋಡಿದ್ದೆ.

ಮಳೆ ಬಿಟ್ಟಿದ್ದ ಒಂದು ಬೆಳಿಗ್ಗೆ ಅವಳ ಫೋನ್ ಬಂತು. "ಸಾಬ್ರ, ಮೈನಾ ಹೋರಿಗಿ ಬಂದಾಳ್ರಿ. ಮುಂಜಾನಿ ಐದಕ್ಕ ನೋಡೀನಿ. ಕ್ಯಾಲೆಂಡರ್ ಮ್ಯಾಲ ಬರ್ಕೊಂಡೀನಿ." ಮುಂಜಾನೆ ಬೆದೆ ಕಂಡರೆ ಸಂಜೆ ಮಾಡಬೇಕು, ಸಂಜೆ ಕಂಡರೆ ಮರುದಿನ ಮುಂಜಾನೆ. ನಾಲ್ಕು ಗಂಟೆಗೆ ಬರುತ್ತೇನೆ ಎಂದೆ. ಅದಕ್ಕೂ ಮೊದಲು ಬೇರೆ ವಾಡಿಗಳಲ್ಲಿ ಬೆದೆಗೆ ಬಂದ ಮೂರು ದನ ನೋಡುವುದಿತ್ತು.

ಕರಿ ಮಣ್ಣಿನ ದಾರಿ. ಎದುರಿಗೆ ಒಂದು ಟ್ರ್ಯಾಕ್ಟರ್ ಬಂತೆಂದು ಬದಿಗೆ ತೆಗೆದುಕೊಂಡು ನಿಲ್ಲಿಸಿ, ಎಡಗಾಲು ಊರಿದೆ. ಕೆಳಗೆ ನೆಲ ಇರಲಿಲ್ಲ, ಬರೀ ರಾಡಿ. ಕಾಲು ಜಾರಿತು, ಗಾಡಿ ನಿಧಾನವಾಗಿ, ಬಹಳ ಮರ್ಯಾದೆಯಿಂದ, ಎಡಕ್ಕೆ ಮಲಗಿತು. ಜತೆಗೆ ನಾನೂ ಮಲಗಿದೆ. ಡಬ್ಬಿಯ ಮುಚ್ಚಳ ಹಾರಿ ಹೋಗಿ, ಬಿಳಿ ಹೊಗೆ ರಾಡಿಯ ಮೇಲೆ ಹಾಲು ಚೆಲ್ಲಿದಂತೆ ಹರಿಯಿತು.

ಟ್ರ್ಯಾಕ್ಟರಿನ ಮೇಲಿದ್ದ ಇಬ್ಬರು ಓಡಿ ಬಂದು ಗಾಡಿ ಎತ್ತಿದರು. "ಗಾಡಿಗಿ ಏನೂ ಆಗಿಲ್ಲಲ್ಲರಿ ಸಾಬ್?" ಎಂದು ಒಬ್ಬ ಕೇಳಿದ. ನಾನೂ ಮೊದಲು ನೋಡಿದ್ದು ಗಾಡಿಯನ್ನೇ. ಹೊಸ ಪೆಟ್ರೋಲ್ ಟಾಕಿಯ ಮೇಲೆ ಒಂದು ಗೀರು ಬಿದ್ದಿತ್ತು. ಕರ್ಚೀಫಿನಿಂದ ಅದನ್ನು ಉಜ್ಜಿದೆ. ಆಮೇಲೆ ಮುಚ್ಚಳ ಹುಡುಕಿ ಡಬ್ಬಿಯ ಬಾಯಿಗೆ ಒತ್ತಿದೆ. ಒಳಗೆ ಇಣುಕಿದಾಗ ಇನ್ನೂ ಸ್ವಲ್ಪ ಹೊಗೆ ಆಡುತ್ತಿತ್ತು.

ಅಳತೆ ಕೋಲು ನನ್ನ ಬ್ಯಾಗಿನಲ್ಲೇ ಇತ್ತು. ತೆಗೆಯಲು ಒಂದು ನಿಮಿಷ ಬೇಕಿರಲಿಲ್ಲ. ತೆಗೆಯಲಿಲ್ಲ. ಕೋಲು ಹಾಕಿ ಗೆರೆ ಕೆಳಗಿದ್ದರೆ ದವಾಖಾನೆಗೆ ವಾಪಸ್ ಹೋಗಬೇಕು, ದೇಶಪಾಂಡೆ ಡಾಕ್ಟರರ ಎದುರು ನಿಂತು, ಹೌದು ಸರ್, ಡಬ್ಬಿ ಸಮೇತ ಮಗುಚಿ ಬಿದ್ದೆ ಎನ್ನಬೇಕು. ಅವರು ನಗುತ್ತಾರೆ, ಎಲ್ಲರೂ ನಗುತ್ತಾರೆ. ಹೊಗೆ ಇದೆಯಲ್ಲ, ಸಾಕು ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಗೆರೆ ನೋಡಬಾರದು ಎಂದೇ ನೋಡಲಿಲ್ಲ. ಇದನ್ನು ತಪ್ಪು ಎನ್ನುವುದು ಕೂಡ ತಪ್ಪು. ತಪ್ಪು ತಿಳಿಯದೆ ಆಗುತ್ತದೆ.

ಮೂರು ದನ ಮುಗಿಸಿ ನಾಲ್ಕಕ್ಕೆ ಸುಂದರಾಬಾಯಿಯ ಮನೆಗೆ ಹೋದೆ. ಅಂಗನವಾಡಿಯಿಂದ ಬಂದು ಮೈನಾಳ ಮೈ ತೊಳೆದು ಕಟ್ಟಿದ್ದಳು. "ಈ ಸಲ ನಿಲ್ತಾಳಲ್ರಿ, ಸಾಬ್ರ?" ಎಂದಳು. "ನಿಲ್ತಾಳ ಬಾಯಿ, ಯಾಕ ನಿಲ್ಲಲ್ಲ" ಎಂದೆ. ನನ್ನ ಬಾಯಿಂದ ಎಷ್ಟು ಸಲೀಸಾಗಿ ಬಂತು ಆ ಮಾತು!

ಸಂಜೆ ದವಾಖಾನೆಯಲ್ಲಿ ದೊಡ್ಡ ಡಬ್ಬಿಯಿಂದ ನನ್ನ ಡಬ್ಬಿಗೆ ಸಾರಜನಕ ಸುರಿದೆ. ಅದು ಕುಡಿಯಿತು, ಕುಡಿದೇ ಕುಡಿಯಿತು. ಕುದಿಯುವ ಸದ್ದು ನಿಲ್ಲಲೇ ಇಲ್ಲ. ಒಳಗೆ ಒಂದು ತೊಟ್ಟೂ ಉಳಿದಿರಲಿಲ್ಲ ಎಂದು ನನಗೆ ಆಗ ಗೊತ್ತಾಯಿತು. ನಾನು ಆ ದಿನ ನಾಲ್ಕು ಮನೆಗಳಲ್ಲಿ ಸತ್ತದ್ದನ್ನು ಹಾಕಿ ಬಂದಿದ್ದೆ. ಆಗಲಾದರೂ ಬಾಯಿ ಬಿಟ್ಟಿದ್ದರೆ, ಆ ಸಂಜೆಯೇ ಓಡಿದ್ದರೆ, ಒಂದೆರಡಾದರೂ ದನಗಳಿಗೆ ಮತ್ತೊಮ್ಮೆ ಮಾಡಬಹುದಿತ್ತು. ಮೈನಾಳಿಗಂತೂ ಮಾಡಬಹುದಿತ್ತು. ಉಳಿದ ಕಡ್ಡಿಗಳನ್ನು ತಿಪ್ಪೆಯಲ್ಲಿ ಹುಗಿದು, ರಿಜಿಸ್ಟರಿನಲ್ಲಿ 'ಮುರಿದವು' ಎಂದು ಬರೆದು, ದೊಡ್ಡ ಗಾಡಿ ಹತ್ತಿ ಬೀದರ್‌ಗೆ ಹೋದೆ. ಕಮಲಾ ಪ್ಯಾಂಟಿನ ರಾಡಿ ನೋಡಿ ಏನಾಯಿತೆಂದು ಕೇಳಿದಳು. ಎಮ್ಮೆ ಒದೆಯಿತು ಎಂದೆ. ಪಾಪದ ಎಮ್ಮೆ.

ಆ ಮೂರು ವಾರ ನಾನು ಊಟ ಮಾಡಿದೆ, ಕೆಲಸ ಮಾಡಿದೆ, ನಕ್ಕೆ ಕೂಡ. ಒಳಗೆ ಮಾತ್ರ ದಿನ ಎಣಿಸುತ್ತಿದ್ದೆ. ಇಪ್ಪತ್ತನೇ ದಿನ ಒಬ್ಬ ಫೋನ್ ಮಾಡಿದ, ಎಮ್ಮೆ ಮತ್ತೆ ಬೆದೆಗೆ ಬಂದಿದೆ. ಮಧ್ಯಾಹ್ನ ಇನ್ನೊಬ್ಬ. ಮರುದಿನ ಬೆಳಿಗ್ಗೆ ಗೌತಮ.

"ಸಾಬ್, ಮೈನಾ ಮತ್ತ ಹೋರಿಗಿ ತಿರುಗ್ಯಾಳ. ನಾಳಿ ಬಜಾರ ಅದ, ನಾ ಒಯ್ತೇನಿ. ಸುಂದರಾ ಕೇಳವಲ್ಲಳು, ಮುಂಜಾನಿಂದ ಹಗ್ಗ ಹಿಡ್ಕೊಂಡು ನಿಂತಾಳ. ನೀವು ಬಂದು ಮಂದಿ ಮುಂದ ಗೊಡ್ಡು ಅದ ಅಂತ ಒಂದು ಮಾತು ಹೇಳ್ರಿ. ನಿಮ್ಮ ಮಾತು ಕೇಳ್ತಾಳ."

ನಿಮ್ಮ ಮಾತು ಕೇಳುತ್ತಾಳೆ. ಫೋನ್ ಇಟ್ಟ ಮೇಲೂ ಅದೇ ಕಿವಿಯಲ್ಲಿ ಇತ್ತು. ನಾನು ಹೂಂ ಎಂದರೆ ಸಾಕಿತ್ತು. ಆಕಳು ಬಜಾರಕ್ಕೆ ಹೋಗುತ್ತಿತ್ತು, ನನ್ನ ಗುಟ್ಟು ಅದರ ಜತೆಗೇ ಹೋಗುತ್ತಿತ್ತು. ಹಾಗೆ ಮಾಡಿಬಿಡಲೇ ಎಂದು ಒಂದು ಕ್ಷಣ ಅನಿಸಿತು. ಅನಿಸಿತು ಎಂದು ಬರೆಯಲು ನಾಚಿಕೆಯಾಗುತ್ತಿದೆ, ಆದರೂ ಬರೆಯುತ್ತಿದ್ದೇನೆ.

ನೇರ ದೇಶಪಾಂಡೆ ಡಾಕ್ಟರರ ಕೋಣೆಗೆ ಹೋಗಿ ನಿಂತುಕೊಂಡೇ ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಕೋಲು ಹಾಕಿದ್ದಿಲ್ಲ?"

"ಇಲ್ಲರಿ."

"ಸಂಜಿಕಿ ತುಂಬುವಾಗ ಗೊತ್ತಾಗಿತ್ತಲ್ಲ?"

"ಆಗಿತ್ತರಿ."

ಬೈಯುತ್ತಾರೆ ಎಂದುಕೊಂಡಿದ್ದೆ. ಬೈದಿದ್ದರೆ ಹಗುರವಾಗುತ್ತಿತ್ತು. "ಬಿದ್ದಿದ್ದು ತಪ್ಪಲ್ಲೋ ವೈಜಿನಾಥ. ನಾನೂ ಎಷ್ಟ ಸಲ ಬಿದ್ದೀನಿ. ಅವತ್ತು ಸಂಜಿಕಿ ನನಗ ಒಂದು ಮಾತು ಹೇಳಿದ್ರ, ನಾನ ನಿನ್ನ ಜೋಡಿ ಬರ್ತಿದ್ದೆ. ನಾನು ನಗ್ತೇನಿ ಅಂತ ಅಂಜಿದೇನು?" ಎಂದರು. ಅವರ ಧ್ವನಿ ಸಣ್ಣಗಾಗಿತ್ತು. ನನಗಿಂತ ಅವರಿಗೇ ಹೆಚ್ಚು ನೋವಾದಂತಿತ್ತು. ಆಮೇಲೆ ಹೇಳಿದರು, "ನಾಕೂ ಮನಿಗಿ ನೀನ ಹೋಗು. ನಿನ್ನ ಬಾಯಿಲೇ ಹೇಳು. ಮ್ಯಾಲಿನವರಿಗಿ ಬರಿಯೋದು ನಾ ಬರೀತೇನಿ." ಬರೆದರು. ನೋಟಿಸು ಬಂತು, ಉತ್ತರ ಕೊಟ್ಟೆ. ಅದು ಬೇರೆ ಮಾತು.

ವಾಡಿಗೆ ಹೋದಾಗ ಗೌತಮನ ಅಂಗಳದಲ್ಲಿ ಆರೇಳು ಮಂದಿ ಕೂತಿದ್ದರು. ಸುಂದರಾಬಾಯಿ ಮೈನಾಳ ಹಗ್ಗ ಕೈಗೆ ಸುತ್ತಿಕೊಂಡು ನಿಂತಿದ್ದಳು, ನನ್ನ ಕಡೆ ನೋಡಲಿಲ್ಲ.

"ಹೇಳ್ರಿ ಸಾಬ್. ಗೊಡ್ಡು ಅದ, ಹೌದಲ್ರಿ?" ಎಂದ ಗೌತಮ.

"ಗೊಡ್ಡು ಅಲ್ಲ" ಎಂದೆ. "ಅವತ್ತು ನಾ ಹಾಕಿದ್ದು ಸತ್ತದ್ದು. ನನ್ನ ಗಾಡಿ ರಾಡಿಯೊಳಗ ಬಿದ್ದು ಡಬ್ಬಿ ಖಾಲಿ ಆಗಿತ್ತು. ನೋಡದೆ ಬಂದು ಮಾಡಿದೆ. ಸಂಜಿಕಿ ಗೊತ್ತಾತು, ಆದ್ರೂ ಹೇಳಲಿಲ್ಲ. ತಪ್ಪು ಮೈನಾಳದಲ್ಲ, ನನ್ನದು."

ಗೌತಮ ಎದ್ದು ನಿಂತ. "ಅಂದ್ರ ಇಪ್ಪತ್ತೊಂದು ದಿನ ಗೊತ್ತಿದ್ದೂ ಸುಮ್ಮ ಕುಂತ್ರಿ?"

"ಕುಂತೆ."

"ಗಾಡಿ ಬಿತ್ತು ಅಂತ ಹೇಳ್ಲಿಕ್ಕ ನಿಮಗ ನಾಚಿಕಿ ಬಂತು. ನಮ್ಮ ಆಕಳಿಗಿ ಊರ ಮಂದಿ ಗೊಡ್ಡು ಅಂದ್ರ ನಿಮಗೇನು ಆಗಲಿಲ್ಲ, ಹೌದಲ್ರಿ?"

ಅವನು ಇನ್ನೂ ಬೈದ, ನಾನು ಕೇಳಿಸಿಕೊಂಡೆ. ಬೈಗುಳ ಮುಗಿದ ಮೇಲೆ ಸುಂದರಾಬಾಯಿ ಮೊದಲ ಸಲ ಬಾಯಿ ತೆರೆದಳು.

"ಅದಕ್ಕೂ ಹಿಂದಿನ ಎರಡು ಸಲ, ಸಾಬ್ರ?"

"ಅವು ಬರೋಬ್ಬರಿ ಇದ್ದವು ಬಾಯಿ. ಅವು ನಿಲ್ಲಲಿಲ್ಲ, ಖರೆ."

"ಅಂದ್ರ ಈ ಸಲನೂ ನಿಲ್ತದ ಅಂತ ಹೇಳ್ಲಿಕ್ಕ ಬರಲ್ಲ."

"ಬರಲ್ಲ."

ಅವಳು ಗಂಡನ ಕಡೆ ತಿರುಗಿದಳು. "ನಾಳಿ ಬಜಾರ ಇಲ್ಲರಿ. ಇಕಿಗಿ ಇನ್ನೊಂದು ಸಲ ಕೊಡಬೇಕಾಗ್ತದ." ಗೌತಮ ಏನೋ ಹೇಳಲು ಹೋಗಿ, ಅವಳ ಮುಖ ನೋಡಿ, ಟವೆಲ್ ಕೊಡವಿ ಕೂತ.

ನಾನು ಡಬ್ಬಿ ಇಳಿಸಿ, ಅವಳ ಎದುರಿಗೇ ಕೋಲು ಹಾಕಿ, ಬೀಸಿ, ಅವಳ ಕೈಗೇ ಕೊಟ್ಟೆ. ಬಿಳಿ ಗೆರೆಯ ಮೇಲೆ ಬೆರಳಿಟ್ಟು, "ಇಷ್ಟಿದ್ರ ನಡೀತದೇನ್ರಿ?" ಎಂದು ಕೇಳಿದಳು. ಹೂಂ ಎಂದೆ, ಮೈನಾಳಿಗೆ ಮತ್ತೊಮ್ಮೆ ಗರ್ಭಧಾರಣೆ ಮಾಡಿದೆ. ಅಂದಿನಿಂದ ನಿವೃತ್ತಿಯಾಗುವ ತನಕ ಪ್ರತಿ ಮನೆಯಲ್ಲೂ ದನದ ಯಜಮಾನರ ಕೈಗೇ ಕೋಲು ಕೊಟ್ಟು ಗೆರೆ ತೋರಿಸಿದೆ. ಹೊಸದಾಗಿ ಈ ಕೆಲಸಕ್ಕೆ ಬಂದವರು ಇದೊಂದನ್ನು ಮಾಡಿ. ಯಾವ ಗಾಡಿ ಬೇಕಾದರೂ ತೆಗೆದುಕೊಳ್ಳಿ. ನಾನೇನು ದೊಡ್ಡ ಗಾಡಿ ಮಾರಲಿಲ್ಲ. ಡಬ್ಬಿಯ ಚೌಕಟ್ಟನ್ನು ಕೆಳಗಿಳಿಸಿ, ಬೆಲ್ಟು ಹಾಕಿಸಿ, ಕಾಲಿಡುವ ಮೊದಲು ನೆಲ ನೋಡುವುದನ್ನು ಕಲಿತೆ. ಇವತ್ತಿಗೂ ಅದರ ಮೇಲೇ ತಿರುಗುತ್ತೇನೆ. ಟಾಕಿಯ ಮೇಲಿನ ಗೀರಿಗೆ ಬಣ್ಣ ಹಚ್ಚಿಸಿಲ್ಲ. ಮೀಸೆಗೂ ಹಚ್ಚುವುದನ್ನು ಬಿಟ್ಟೆ.

ಉಳಿದ ಮೂರು ಮನೆಗಳಿಗೂ ಹೋಗಿ ಹೇಳಿದೆ. ಒಬ್ಬರು ಚಹಾ ಕೊಟ್ಟರು, ಒಬ್ಬರು ಬಾಗಿಲಲ್ಲೇ ನಿಲ್ಲಿಸಿ ಕಳಿಸಿದರು. ಇನ್ನೊಬ್ಬ ಆಮೇಲೆ ನನ್ನನ್ನು ಎಂದೂ ಕರೆಯಲಿಲ್ಲ. ಅದು ಅವನ ಹಕ್ಕು.

ಮತ್ತೆ ಇಪ್ಪತ್ತೊಂದು ದಿನ. ಸುಂದರಾಬಾಯಿಯ ಫೋನ್ ಬರಲಿಲ್ಲ. ಬರಲಿಲ್ಲ ಎಂದರೆ ಒಳ್ಳೆಯ ಸುದ್ದಿ, ಆದರೆ ಪೂರ್ತಿ ನಂಬುವಂತಿಲ್ಲ. ಕೆಲವು ಆಕಳು ಸದ್ದಿಲ್ಲದೆ ಬೆದೆ ದಾಟಿಸುತ್ತವೆ. ಮೂರು ತಿಂಗಳು ತುಂಬಿದ ಮೇಲೆ ಕೈ ಹಾಕಿ ನೋಡಿದರೇ ಖಾತ್ರಿ. ಆ ದಿನವನ್ನೂ ಅವಳು ಕ್ಯಾಲೆಂಡರಿನಲ್ಲಿ ಗುರುತು ಮಾಡಿದ್ದಳು. ನಾನು ಹೋದಾಗ ಅದೇ ಅಂಗಳ, ಅದೇ ಮಂದಿ. ಯಾರು ಕರೆದಿದ್ದರೋ. ಗೌತಮ ಮೈನಾಳ ಕೊಂಬು ಹಿಡಿದ. ನಾನು ಭುಜದ ತನಕ ಪ್ಲಾಸ್ಟಿಕ್ ಕೈಗವಸು ಏರಿಸಿ, ಬಲಗೈಯಲ್ಲಿ ಬಾಲ ಹಿಡಿದು, ಎಡಗೈ ಒಳಗೆ ಹಾಕಿದೆ.

ಮೊದಲು ಏನೂ ಸಿಗಲಿಲ್ಲ. ಕೈ ಇನ್ನೂ ಮುಂದೆ ಹಾಕಿದೆ. ಬೆರಳಿಗೆ ಅದು ತಾಗಿತು, ನೀರು ತುಂಬಿದ ಬಲೂನಿನ ಹಾಗೆ, ದುಂಡಗೆ, ಬಿಗಿಯಾಗಿ. ಎಷ್ಟು ಸಾವಿರ ದನಗಳಿಗೆ ಕೈ ಹಾಕಿದ್ದೇನೋ ದೇವರೇ ಬಲ್ಲ. ಆ ದಿನ ಮಾತ್ರ ಕೈ ಹೊರಗೆ ತೆಗೆಯದೆ ಮತ್ತೊಮ್ಮೆ ಮುಟ್ಟಿ ನೋಡಿದೆ.

"ಏನ್ರಿ ಸಾಬ್? ಹೇಳ್ರಿ" ಎಂದ ಗೌತಮ.

"ನಿಂತದ."

ಸುಂದರಾಬಾಯಿ ಸೆರಗು ಬಾಯಿಗೆ ಒತ್ತಿಕೊಂಡಳು. ಆಮೇಲೆ ಕೂತವರನ್ನೆಲ್ಲ ಒಂದು ಸಲ ನೋಡಿ, "ಕೇಳಿದ್ರಿಲ್ಲ ಎಲ್ಲಾರೂ? ಈಗ ಅನ್ರಿ ನೋಡೋಣ, ಗೊಡ್ಡು ಅಂತ" ಎಂದಳು. ಗೌತಮ ಕೊಂಬು ಹಿಡಿದುಕೊಂಡೇ ತಲೆ ತಗ್ಗಿಸಿದ. ಅವಳು ಮೈನಾಳ ಬೆನ್ನು ಸವರುತ್ತ ನನ್ನ ಹತ್ತಿರ ಬಂದು, ನನಗಷ್ಟೇ ಕೇಳುವಂತೆ ಹೇಳಿದಳು.

"ಮಗಳು ಹುಟ್ಟೋ ತನಾ ಆರು ವರ್ಷ ನನಗೂ ಈ ಮನ್ಯಾಗ ಅದೇ ಹೆಸರು ಇತ್ತು, ಸಾಬ್ರ. ಮಂದಿ ಮುಂದ ನಿಂತು ತಪ್ಪು ನಂದು ಅಂತ ಅವತ್ತ ಒಬ್ಬರೂ ಹೇಳಲಿಲ್ಲ. ಇಕಿ ಪುಣ್ಯಾ ಮಾಡ್ಯಾಳ."

ನನ್ನ ಎಡಗೈ ಭುಜದ ತನಕ ಸಗಣಿ, ಬಲಗೈಯಲ್ಲಿ ಬಾಲ. ಕಣ್ಣು ಒರೆಸಿಕೊಳ್ಳಲು ನನಗೆ ಕೈ ಇರಲಿಲ್ಲ.